ಗೆದ್ದವನ ಶಾಂತಿ, ಆಳುವವನ ಶಾಂತಿ

(ಪಂಪ ಮತ್ತು ರತ್ನಾಕರವರ್ಣಿಯರ ಭರತ-ಬಾಹುಬಲಿ ಪ್ರಸಂಗವನ್ನು ಕುರಿತು)

ಹೊರನಾಡಿನ ನಮ್ಮ ಸಂಘಗಳಲ್ಲಿ ಶಾಂತಿಯನ್ನು ಕುರಿತ ಭಾಷಣಕ್ಕೆ ಎಂದೂ ಬರವಿಲ್ಲ. ವಾರ್ಷಿಕೋತ್ಸವವಾಗಲಿ, ನಾಡಹಬ್ಬವಾಗಲಿ, ದತ್ತಿ ಉಪನ್ಯಾಸವಾಗಲಿ, ಮುಖ್ಯ ಅತಿಥಿಗಳು ಒಮ್ಮೆಯಾದರೂ ಈ ಮಾತನ್ನು ಆಡದೆ ವೇದಿಕೆಯಿಂದ ಇಳಿಯುವುದಿಲ್ಲ: ಒಬ್ಬೊಬ್ಬನ ಮನಸ್ಸಿನಲ್ಲಿಯೂ ಶಾಂತಿ ನೆಲೆಸಿದರೆ ಜಗತ್ತಿನಲ್ಲಿ ಶಾಂತಿ ತಾನಾಗಿಯೇ ನೆಲೆಸುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ, ವಂದನಾರ್ಪಣೆಯಾಗುತ್ತದೆ, ಎಲ್ಲರೂ ಉಪಾಹಾರಕ್ಕೆ ಏಳುತ್ತಾರೆ. ಮಾತು ಸುಳ್ಳಲ್ಲ. ಎರಡನೆಯ ಮಹಾಯುದ್ಧ ಮುಗಿದ ಕೆಲವೇ ತಿಂಗಳುಗಳಲ್ಲಿ, 1945ರ ನವೆಂಬರಿನಲ್ಲಿ, ಲಂಡನ್ನಿನಲ್ಲಿ ಕೂಡಿದ ರಾಷ್ಟ್ರಗಳು ಯುನೆಸ್ಕೊ ಸಂಸ್ಥೆಯ ಸಂವಿಧಾನವನ್ನು ಅಂಗೀಕರಿಸಿದಾಗ ಅದರ ಪೀಠಿಕೆಯಲ್ಲಿ ಹೇಳಿದ್ದೂ ಇದೇ ಅರ್ಥದ ಮಾತನ್ನು. ಯುದ್ಧ ಹುಟ್ಟುವುದು ಮನುಷ್ಯರ ಮನಸ್ಸಿನಲ್ಲಿ. ಆದ್ದರಿಂದ ಶಾಂತಿಯ ಕಾವಲನ್ನು ಕಟ್ಟಬೇಕಾದದ್ದೂ ಅಲ್ಲಿಯೇ ಎಂಬುದು ಅದರ ತಾತ್ಪರ್ಯ.

ಆದರೆ ಎಲ್ಲರೂ ಒಪ್ಪಿಕೊಂಡ ಮಾತನ್ನು ಯಾರೂ ಒರೆಗೆ ಹಚ್ಚದೆ ಬಿಟ್ಟರೆ ಅದು ಗೋಡೆಯ ಮೇಲಿನ ಸುಭಾಷಿತವಾಗಿ ಉಳಿದುಬಿಡುತ್ತದೆ. ಶಾಂತಿ ಯಾರ ಮನಸ್ಸಿನಲ್ಲಿ ಇರಬೇಕು? ಗೆದ್ದವನ ಮನಸ್ಸಿನಲ್ಲೊ, ಸೋತವನ ಮನಸ್ಸಿನಲ್ಲೊ, ಆಳುವವನ ಮನಸ್ಸಿನಲ್ಲೊ? ಅದು ಎಂದು ಬರಬೇಕು? ಆಯುಧವನ್ನು ಎತ್ತುವ ಮೊದಲೊ, ಎತ್ತಿ ಬೀಸಿದ ಮೇಲೊ? ಜಗಳ ಇಬ್ಬರದಾಗಿರುವಾಗ ಒಬ್ಬನು ಶಾಂತನಾದರೆ ಸಾಕೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಕನ್ನಡದ ಇಬ್ಬರು ಕವಿಗಳು ಒಂದೇ ಕಥೆಯನ್ನು ಹಿಡಿದುಕೊಂಡು ಈ ಪ್ರಶ್ನೆಗಳನ್ನು ಕೇಳಿದ್ದಾರೆ. ಒಬ್ಬನು 941ರಲ್ಲಿ 'ಆದಿಪುರಾಣ'ವನ್ನು ಬರೆದ ಪಂಪ. ಇನ್ನೊಬ್ಬನು ಅವನಾದ ಮೇಲೆ ಆರು ಶತಮಾನ ಕಳೆದು ಮೂಡಬಿದಿರೆಯಲ್ಲಿ 'ಭರತೇಶ ವೈಭವ'ವನ್ನು ಹಾಡಿದ ರತ್ನಾಕರವರ್ಣಿ. ಕಥೆ ಭರತ-ಬಾಹುಬಲಿಯರದು. ಇಬ್ಬರ ಉತ್ತರಗಳೂ ಬೇರೆ ಬೇರೆ. ಅವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಬಾಹುಬಲಿಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ನಮ್ಮಲ್ಲಿ ಬಹುಮಂದಿ ಅವನನ್ನು ಅರಿತಿರುವುದು ಕಾವ್ಯದಿಂದಲ್ಲ, ಕಲ್ಲಿನಿಂದ. 981ರ ಸುಮಾರಿಗೆ ಚಾವುಂಡರಾಯನು ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಲ್ಲಿಸಿದ ಐವತ್ತೆಂಟು ಅಡಿಯ ಆ ಮೂರ್ತಿಯ ಕಾಲಿನಲ್ಲಿ ಹುತ್ತವಿದೆ, ತೋಳಿಗೆ ಬಳ್ಳಿ ಹಬ್ಬಿದೆ, ಮುಖದಲ್ಲಿ ಕಂಡೂ ಕಾಣದಂಥ ಒಂದು ಮುಗುಳ್ನಗೆ ಇದೆ. ಅದರ ಸಾವಿರ ವರ್ಷದ ಮಹಾಮಸ್ತಕಾಭಿಷೇಕ ನಡೆದ 1981ರಲ್ಲಿಯೇ ವಿಶ್ವಸಂಸ್ಥೆಯೂ ಅಂತರರಾಷ್ಟ್ರೀಯ ಶಾಂತಿ ದಿನವೊಂದನ್ನು ಗೊತ್ತುಮಾಡಿತೆಂಬುದು ಕಾಕತಾಳೀಯವಾದರೂ ನೆನಪಿನಲ್ಲಿಡತಕ್ಕದ್ದು. ಮೂರ್ತಿಯ ಎದುರಿಗೆ ನಿಂತವರಿಗೆ ಶಾಂತಿ ಎಂದರೆ ಇದೇ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಶಿಲ್ಪಿ ಕೆತ್ತಿರುವುದು ಕಥೆಯ ಕೊನೆಯ ಪುಟವನ್ನು. ಆ ಪುಟಕ್ಕೆ ಹೇಗೆ ಬಂದು ಮುಟ್ಟಿದರೆಂಬುದನ್ನು ಕಲ್ಲು ಹೇಳಲಾರದು. ಅದನ್ನು ಕವಿಯ ಬಾಯಿಂದಲೇ ಕೇಳಬೇಕು.

ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಬರೆದ ಪೂರ್ವಪುರಾಣ ಪಂಪನಿಗೆ ಆಧಾರ. ಕಥೆಯ ಎಳೆಯನ್ನು ಅವನು ಹೆಚ್ಚಾಗಿ ಬದಲಿಸಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಬೇಗ ಸಾಗಬೇಕು ಎಂಬುದರಲ್ಲಿ ಅವನ ಸ್ವಂತಿಕೆ ಇದೆ. ಮೊದಲು ಗಮನಿಸಬೇಕಾದದ್ದು ತಂದೆಯ ವಿಚಾರ. ಆದಿದೇವನ ಆಸ್ಥಾನದಲ್ಲಿ ನೀಲಾಂಜನೆ ಕುಣಿಯುತ್ತಿದ್ದಾಳೆ. ಕುಣಿಯುತ್ತಿದ್ದಂತೆಯೇ ಅವಳ ಆಯುಸ್ಸು ಮುಗಿಯುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಅಂಥವಳೇ ಇನ್ನೊಬ್ಬಳನ್ನು ಕಣ್ಣೆವೆ ಇಕ್ಕುವಷ್ಟರಲ್ಲಿ ತಂದು ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯಲಿಲ್ಲ, ಆದಿದೇವನಿಗೆ ತಿಳಿಯಿತು. ಬದುಕಿನ ಕ್ಷಣಿಕತೆಯನ್ನು ಕಂಡ ಅವನು ಅಯೋಧ್ಯೆಯನ್ನು ಭರತನಿಗೂ ಪೌದನಪುರವನ್ನು ಬಾಹುಬಲಿಗೂ ಉಳಿದ ನಾಡುಗಳನ್ನು ಉಳಿದ ಮಕ್ಕಳಿಗೂ ಹಂಚಿಕೊಟ್ಟು ತಪಸ್ಸಿಗೆ ಹೋದನು.

ನೀಲಾಂಜನೆಯ ಪ್ರಸಂಗವನ್ನು ನಾವು ಮೆಚ್ಚಿ ಓದುತ್ತೇವೆ, ನೃತ್ಯರೂಪಕ ಮಾಡಿ ಆಡುತ್ತೇವೆ. ಆದರೆ ಅದರ ಮುಂದಿನ ಫಲವನ್ನು ಯೋಚಿಸುವವರು ಕಡಮೆ. ತಂದೆಗೆ ಬಂದ ಶಾಂತಿ ಮಕ್ಕಳ ಪಾಲಿಗೆ ಬರಲಿಲ್ಲ. ಅವರ ಪಾಲಿಗೆ ಬಂದದ್ದು ನೆಲ. ಅವನು ಮಾಡಿದ ಹಂಚಿಕೆಯ ಗಡಿಯ ಮೇಲೆಯೇ ಮುಂದೆ ಸೇನೆಗಳು ಎದುರುಬದುರಾದುವು. ಮನಶ್ಶಾಂತಿಯನ್ನು ಉಯಿಲಿನಲ್ಲಿ ಬರೆದು ಕೊಡಲು ಬರುವುದಿಲ್ಲ. ಒಬ್ಬೊಬ್ಬನೂ ಅದನ್ನು ಮೊದಲಿನಿಂದ ಸಂಪಾದಿಸಬೇಕು. 'ಒಬ್ಬನು ಶಾಂತನಾದರೆ ಸುತ್ತಲಿನವರೂ ಶಾಂತರಾಗುತ್ತಾರೆ' ಎಂಬ ವೇದಿಕೆಯ ಮಾತಿಗೆ ಪಂಪನ ಕಾವ್ಯ ಕೊಡುವ ಮೊದಲನೆಯ ತಿದ್ದುಪಡಿ ಇದು. ತೀರ್ಥಂಕರನಂಥ ತಂದೆಯಿದ್ದ ಮನೆಯಲ್ಲಿಯೇ ಹಾಗಾಗಲಿಲ್ಲ.

ಎರಡನೆಯ ತಿದ್ದುಪಡಿ ವೃಷಭಾಚಲದಲ್ಲಿ ಸಿಕ್ಕುತ್ತದೆ. ಭರತನು ಷಟ್ಖಂಡ ಭೂಮಿಯನ್ನು ಗೆದ್ದು, ತನ್ನ ಹೆಸರನ್ನು ಬರೆಸಲು ಆ ಪರ್ವತದ ಬಳಿಗೆ ಬರುತ್ತಾನೆ. ತನಗಿಂತ ಮೊದಲು ಇಂಥ ಸಾಹಸವನ್ನು ಮಾಡಿದವರಿಲ್ಲವೆಂದು ಅವನ ನಂಬಿಕೆ. ನೋಡಿದರೆ ಬೆಟ್ಟದ ಮೈಯೆಲ್ಲ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ತುಂಬಿಹೋಗಿದೆ, ಅಂಗೈಯಗಲ ಜಾಗವಿಲ್ಲ. ಅವನ ಗರ್ವ ಕರಗಿತೆಂದು ಕವಿ ಹೇಳುತ್ತಾನೆ. ಹಾಗಾದರೆ ಭರತನು ಹಿಂದಿರುಗಿದನೆ? ಇಲ್ಲ. ಹಿಂದಿನ ಒಬ್ಬ ಅರಸನ ಹೆಸರನ್ನು ಅಳಿಸಿ ಅಲ್ಲಿ ತನ್ನ ಹೆಸರನ್ನು ಬರೆಸಿದನು.

ಕನ್ನಡದಲ್ಲಿ ಅಧಿಕಾರದ ಮನಸ್ಸನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ, ಇಷ್ಟು ಕಡಮೆ ಮಾತಿನಲ್ಲಿ ತೋರಿಸಿದ ಸ್ಥಳಗಳು ಹೆಚ್ಚಿಲ್ಲ. ಅರಿವು ಬಂದದ್ದು ನಿಜ, ಗರ್ವ ಕರಗಿದ್ದೂ ನಿಜ. ಆದರೂ ಕೈ ತನ್ನ ಹಳೆಯ ಕೆಲಸವನ್ನೇ ಮಾಡಿತು. ತನ್ನ ಹೆಸರನ್ನೂ ಮುಂದೆ ಬರುವ ಇನ್ನೊಬ್ಬನು ಹೀಗೆಯೇ ಅಳಿಸುವನೆಂದು ಆ ಕ್ಷಣದಲ್ಲಿ ಭರತನಿಗೆ ಹೊಳೆಯದೆ ಇರಲಾರದು. ಹೊಳೆದ ವಿಚಾರಕ್ಕೂ ನೆಲೆಸಿದ ಶಾಂತಿಗೂ ಇರುವ ಅಂತರವನ್ನು ಪಂಪನು ಒಂದು ಬೆಟ್ಟದ ಮುಂದೆ ನಿಲ್ಲಿಸಿ ತೋರಿಸಿದ್ದಾನೆ. ಪ್ರವಚನ ಕೇಳಿ ಕಣ್ಣು ಒದ್ದೆಮಾಡಿಕೊಂಡು ಮನೆಗೆ ಬಂದವರು ಮರುದಿನ ಬೆಳಗ್ಗೆ ಹಿಂದಿನಂತೆಯೇ ಇರುವುದನ್ನು ನಾವೆಲ್ಲ ಬಲ್ಲೆವು. ವೈರಾಗ್ಯದ ಕ್ಷಣ ಬಹುಮಂದಿಗೆ ಬರುತ್ತದೆ. ಅದು ಕೈಯವರೆಗೆ ಇಳಿಯುವುದು ಕೆಲವರಲ್ಲಿ ಮಾತ್ರ.

ಮುಂದೆ ಕಥೆ ಅಯೋಧ್ಯೆಯ ಬಾಗಿಲಿಗೆ ಬರುತ್ತದೆ. ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಯ ಚಕ್ರರತ್ನ ಊರ ಬಾಗಿಲಲ್ಲಿ ತಡೆದು ನಿಂತುಬಿಡುತ್ತದೆ. ಕಾರಣ ಕೇಳಿದರೆ ಪುರೋಹಿತನು ಹೇಳುತ್ತಾನೆ: ತಮ್ಮಂದಿರು ಇನ್ನೂ ತಲೆಬಾಗಿಲ್ಲ, ಆದ್ದರಿಂದ ಜಯ ಪೂರ್ತಿಯಾಗಿಲ್ಲ. ಸಂದೇಶ ಹೋಯಿತು. ಉಳಿದ ತಮ್ಮಂದಿರೆಲ್ಲ ಅಣ್ಣನಿಗೆ ನಮಸ್ಕರಿಸುವ ಬದಲು ತಂದೆಯ ಬಳಿಗೆ ಹೋಗಿ ದೀಕ್ಷೆ ಪಡೆದರು. ಬಾಹುಬಲಿಯೊಬ್ಬನು ನಿಂತನು. ಅಣ್ಣನೆಂದು ನಮಸ್ಕರಿಸಲು ಅವನಿಗೆ ಅಡ್ಡಿಯಿರಲಿಲ್ಲ. ಕತ್ತಿ ಹಿಡಿದು ಬೇಡಿದ ನಮಸ್ಕಾರವನ್ನು ಕೊಡಲು ಮಾತ್ರ ಅವನು ಒಪ್ಪಲಿಲ್ಲ. ತಂದೆ ಕೊಟ್ಟ ನೆಲಕ್ಕೆ ಅಣ್ಣನ ಅಪ್ಪಣೆ ಏಕೆ ಬೇಕು ಎಂಬ ಅವನ ವಾದದಲ್ಲಿ ನ್ಯಾಯವಿಲ್ಲವೆಂದು ಯಾರೂ ಹೇಳಲಾರರು.

ಇಲ್ಲಿ ಆ ಚಕ್ರದ ನಡತೆಯನ್ನು ಸ್ವಲ್ಪ ಗಮನಿಸಬೇಕು. ಭರತನು ಚಕ್ರವನ್ನು ನಡೆಸುತ್ತಿದ್ದಾನೆಂದು ಲೋಕ ತಿಳಿದಿದೆ. ಆದರೆ ಬಾಗಿಲಲ್ಲಿ ನಿಂತು, ಇನ್ನು ಯಾರು ತಲೆಬಾಗಬೇಕೆಂದು ನಿರ್ಧರಿಸುತ್ತಿರುವುದು ಚಕ್ರವೇ. ಒಮ್ಮೆ ಆಯುಧವನ್ನು ಮುಂದೆ ಬಿಟ್ಟುಕೊಂಡು ಹೊರಟವನು ಅದು ನಿಂತಲ್ಲಿ ನಿಲ್ಲಬೇಕಾಗುತ್ತದೆ, ಅದು ಕೇಳಿದ್ದನ್ನು ಕೊಡಬೇಕಾಗುತ್ತದೆ. ಆಗ ಅವನ ಮನಸ್ಸು ಎಷ್ಟು ಮೃದುವಾಗಿದ್ದರೂ ಪ್ರಯೋಜನ ಅಲ್ಪ.

ಇದು ಪುರಾಣದ ಮಾತು ಮಾತ್ರವೇ ಎಂದು ಕೇಳುವವರಿಗೆ 1914ರ ಯೂರೋಪನ್ನು ತೋರಿಸಬಹುದು. ಜರ್ಮನಿಯ ಕೈಸರ್ ಎರಡನೆಯ ವಿಲ್ಹೆಲ್ಮನೂ ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನೂ ವಿಕ್ಟೋರಿಯಾ ರಾಣಿಯ ಮೊಮ್ಮಕ್ಕಳು. ರಷ್ಯದ ಜಾರ್ ಎರಡನೆಯ ನಿಕೊಲಸನ ತಾಯಿಯೂ ಜಾರ್ಜನ ತಾಯಿಯೂ ಒಡಹುಟ್ಟಿದವರು. ಆ ವರ್ಷದ ಜುಲೈ ಕೊನೆಯ ದಿನಗಳಲ್ಲಿ ಕೈಸರನೂ ಜಾರನೂ 'ವಿಲ್ಲಿ', 'ನಿಕಿ' ಎಂಬ ಮನೆಯ ಹೆಸರುಗಳಿಂದಲೇ ತಂತಿಗಳನ್ನು ಕಳಿಸಿಕೊಂಡರು. ಇಬ್ಬರಿಗೂ ಯುದ್ಧ ತಪ್ಪಿದರೆ ಒಳ್ಳೆಯದೆಂಬ ಮನಸ್ಸಿತ್ತೆಂದು ಆ ತಂತಿಗಳೇ ಸಾಕ್ಷಿ ಹೇಳುತ್ತವೆ. ಆದರೆ ಅಷ್ಟರಲ್ಲಿ ಸೇನೆಗಳನ್ನು ಕೂಡಿಸುವ ಆಜ್ಞೆಗಳು ಹೊರಟಿದ್ದುವು. ರೈಲುಗಳ ವೇಳಾಪಟ್ಟಿ ಸಿದ್ಧವಾಗಿತ್ತು. ಚಕ್ರ ಬಾಗಿಲಿಗೆ ಬಂದು ನಿಂತಿತ್ತು. ಆಗಸ್ಟ್ 1ರಂದು ಜರ್ಮನಿ ರಷ್ಯದ ಮೇಲೆ ಯುದ್ಧ ಸಾರಿತು. ಆ ದಾಯಾದಿ ಕಲಹದಲ್ಲಿ ಒಂದು ಕೋಟಿಯ ಆಸುಪಾಸು ಯೋಧರು ಸತ್ತರು. ಯಾವ ದಾಯಾದಿಯೂ ಅಲ್ಲದ ಭಾರತೀಯ ಸಿಪಾಯಿಗಳೇ 74,000 ಮಂದಿ ತೀರಿಕೊಂಡರು. ಜಾರನು ತನ್ನ ನಾಡಿನ ಕ್ರಾಂತಿಯಲ್ಲಿ 1918ರಲ್ಲಿ ಕೊಲೆಯಾದನು. ಕೈಸರನೊ, 1941ರವರೆಗೆ ಹಾಲೆಂಡಿನಲ್ಲಿ ಬದುಕಿದ್ದನು.

ಭರತ-ಬಾಹುಬಲಿಯರ ಮಂತ್ರಿಗಳು ಕೈಸರನ ಮಂತ್ರಿಗಳಿಗಿಂತ ಜಾಣರು. ಎರಡು ಸೇನೆಗಳೂ ಎದುರಾದಾಗ ಅವರು ಕೂಡಿ ಆಲೋಚಿಸಿದ ವಿಚಾರವೇನು? ಇವರಿಬ್ಬರೂ ಚರಮದೇಹಿಗಳು, ಈ ಜನ್ಮದಲ್ಲಿಯೇ ಮೋಕ್ಷಕ್ಕೆ ಹೋಗತಕ್ಕವರು. ಯುದ್ಧದಲ್ಲಿ ಇವರಿಗೆ ಏನೂ ಆಗುವುದಿಲ್ಲ. ಸಾಯುವವರು ಎರಡು ಕಡೆಯ ಜನರು ಮಾತ್ರ. ಆದ್ದರಿಂದ ಇವರಿಬ್ಬರೇ ಹೋರಾಡಲಿ. ಜೈನ ಪುರಾಣದ ಒಂದು ಪಾರಿಭಾಷಿಕ ಶಬ್ದ ಇಲ್ಲಿ ಎಷ್ಟು ಕಟುವಾದ ರಾಜಕೀಯ ಸತ್ಯವನ್ನು ಹೇಳುತ್ತದೆ! ಯುದ್ಧವನ್ನು ಸಾರುವವರು ಸಾಯುವವರಲ್ಲ. ಇದನ್ನು ಕಂಡುಕೊಂಡ ಮಂತ್ರಿಗಳಿಗೆ ನಾವು ಯಾರೂ ಗುಡಿ ಕಟ್ಟಿಲ್ಲ. ಕಾವ್ಯದಲ್ಲಿ ಅವರಿಗೆ ಹೆಸರಿನ ಗೌರವವೂ ಹೆಚ್ಚಾಗಿ ಸಲ್ಲುವುದಿಲ್ಲ. ಆದರೆ ಆ ದಿನ ಸಾವಿರಾರು ಮನೆಗಳ ದೀಪ ಉಳಿದದ್ದು ಅವರಿಂದ. ಲೋಕಶಾಂತಿಗೆ ತಪಸ್ವಿಯ ಮನಸ್ಸು ಎಷ್ಟು ಬೇಕೊ, ಜಗಳದ ಅಳತೆಯನ್ನು ಕಡಮೆಮಾಡುವ ಇಂಥ ಸಾಮಾನ್ಯ ವಿವೇಕವೂ ಅಷ್ಟೇ ಬೇಕು.

ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಬಾಹುಬಲಿ ಗೆದ್ದನು. ಅಣ್ಣನನ್ನು ಮೇಲಕ್ಕೆತ್ತಿ ನೆಲಕ್ಕೆ ಅಪ್ಪಳಿಸಬಹುದಾಗಿದ್ದ ಗಳಿಗೆಯಲ್ಲಿ, ಅಣ್ಣನೆಂಬ ಗೌರವ ಅಡ್ಡ ಬಂದು, ಹಾಗೆ ಮಾಡಲಿಲ್ಲ. ಅವಮಾನದಿಂದ ಕುದಿದ ಭರತನು ಒಪ್ಪಂದವನ್ನು ಮೀರಿ ಚಕ್ರವನ್ನು ಬಿಟ್ಟನು. ಚಕ್ರ ಬಾಹುಬಲಿಗೆ ಪ್ರದಕ್ಷಿಣೆ ಬಂದು ಪಕ್ಕದಲ್ಲಿ ನಿಂತಿತು. ಬಾಹುಬಲಿಯ ಮನಸ್ಸು ತಿರುಗಿದ್ದು ಅಲ್ಲಿ. ಒಡಹುಟ್ಟಿದವರನ್ನು ಒಡಹುಟ್ಟಿದವರ ಮೇಲೆ ಎತ್ತಿಕಟ್ಟುವ ಈ ರಾಜ್ಯಲಕ್ಷ್ಮಿ ತನಗೆ ಬೇಡವೆಂದು, ಅಣ್ಣನು ಮೆಚ್ಚಿದ ಆಕೆ ಅಣ್ಣನಲ್ಲಿಯೇ ಇರಲೆಂದು ಹೇಳಿ ತಪಸ್ಸಿಗೆ ಹೊರಟನು. ಭರತನಿಗೆ ಪಶ್ಚಾತ್ತಾಪವಾಯಿತು. ಆದರೆ ಆಗ ತಡವಾಗಿತ್ತು.

ನಮ್ಮ ಉಪನ್ಯಾಸಕಾರರು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತಾರೆ. ಗೆದ್ದೂ ಬಿಟ್ಟುಕೊಟ್ಟವನ ತ್ಯಾಗವನ್ನು ಕೊಂಡಾಡಿ ಕುಳಿತುಕೊಳ್ಳುತ್ತಾರೆ. ಪಂಪನು ಇಲ್ಲಿಗೆ ಮುಗಿಸಲಿಲ್ಲವೆಂಬುದೇ ಮುಖ್ಯ. ಬಾಹುಬಲಿ ಒಂದು ವರ್ಷ ಕದಲದೆ ನಿಂತನು. ಹುತ್ತ ಬೆಳೆಯಿತು, ಬಳ್ಳಿ ಹಬ್ಬಿತು. ಆದರೂ ಕೇವಲಜ್ಞಾನ ಬರಲಿಲ್ಲ. ಮನಸ್ಸಿನಲ್ಲಿ ಎಲ್ಲಿಯೋ ಒಂದು ಮುಳ್ಳು ಉಳಿದಿತ್ತು. ಆ ಮುಳ್ಳು ಯಾವುದೆಂಬುದನ್ನು ಹೇಳುವುದರಲ್ಲಿ ಭೇದವುಂಟು. ತಾನು ನಿಂತಿರುವ ನೆಲವೂ ಭರತನದೇ ಎಂಬ ಅಭಿಮಾನದ ನೋವೆಂದು ಜನ ಹೇಳುವ ಕಥೆ. ತನ್ನಿಂದ ಅಣ್ಣನಿಗೆ ದುಃಖವಾಯಿತಲ್ಲಾ ಎಂಬ ಕೊರಗೆಂದು ಜಿನಸೇನರು. ಒಂದು ಅಹಂಕಾರದ ಮುಳ್ಳು, ಇನ್ನೊಂದು ಅಕ್ಕರೆಯ ಮುಳ್ಳು. ಯಾವುದಾದರೂ ಆಗಲಿ, ಅದು ಅಣ್ಣತಮ್ಮಂದಿರ ನಡುವಿನ ಮುಳ್ಳು. ಕಾಡಿನಲ್ಲಿ ಒಬ್ಬನೇ ನಿಂತು ಎಷ್ಟು ಧ್ಯಾನಿಸಿದರೂ ಅದು ಹೋಗಲಿಲ್ಲ.

ಅದು ಹೋದದ್ದು ಭರತನು ಬಂದ ಮೇಲೆ. ಷಟ್ಖಂಡಗಳ ಒಡೆಯನು, ಒಪ್ಪಂದ ಮುರಿದವನು, ಸೋತವನು, ತಾನಾಗಿಯೇ ಆ ಬೆಟ್ಟಕ್ಕೆ ನಡೆದು ಬಂದು ತಮ್ಮನನ್ನು ಪೂಜಿಸಿದನು. ತಮ್ಮಂದಿರ ನಮಸ್ಕಾರವನ್ನು ಬೇಡಿ ದೂತನನ್ನು ಕಳಿಸಿದ್ದ ಅಣ್ಣನೇ ತಮ್ಮನಿಗೆ ನಮಸ್ಕರಿಸಿದಾಗ ಆ ಮುಳ್ಳು ಕಳಚಿತು, ಕೇವಲಜ್ಞಾನವಾಯಿತು. ನಾವು ಬಾಹುಬಲಿಯ ವಿಗ್ರಹವನ್ನು ನಿಲ್ಲಿಸಿದೆವು: ಬೆಳಗೊಳದಲ್ಲಿ, ಬಳಿಕ 1432ರಲ್ಲಿ ಕಾರ್ಕಳದಲ್ಲಿ, 1604ರಲ್ಲಿ ವೇಣೂರಿನಲ್ಲಿ, ನಮ್ಮ ಕಾಲದಲ್ಲಿ, 1982ರಲ್ಲಿ, ಧರ್ಮಸ್ಥಳದಲ್ಲಿ. ಆದರೆ ಆ ಶಾಂತಿಯ ಕೊನೆಯ ಹೆಜ್ಜೆಯನ್ನು ಇಟ್ಟವನು ಭರತ. ಒಳಗಿನ ಶಾಂತಿ ಒಬ್ಬನ ಸಾಧನೆಯೆಂದು ನಾವು ತಿಳಿದಿರುವಾಗ, ಅದು ಪೂರ್ತಿಯಾಗಲು ನೋಯಿಸಿದ ಇನ್ನೊಬ್ಬನು ನಡೆದು ಬರಬೇಕಾಯಿತೆಂದು ಈ ಕಥೆ ಹೇಳುತ್ತದೆ. ಆದಿಪುರಾಣದ ಈ ಪ್ರಸಂಗದ ತಿರುಳು ಇಲ್ಲಿದೆಯೆಂದು ನನ್ನ ಅಭಿಪ್ರಾಯ.

ಇನ್ನು ರತ್ನಾಕರವರ್ಣಿ. ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ ತನ್ನ ಕಾವ್ಯಕ್ಕೆ ಅವನು ಬಾಹುಬಲಿಯನ್ನಲ್ಲ, ಭರತನನ್ನು ನಾಯಕನನ್ನಾಗಿ ಆರಿಸಿಕೊಂಡನು. ಈ ಆಯ್ಕೆಯಲ್ಲಿಯೇ ಅವನ ವಿಚಾರವಿದೆ. ಅವನ ಭರತನು ಅರಮನೆಯಲ್ಲಿದ್ದಾನೆ, ಮಡದಿಯರ ನಡುವೆ ಇದ್ದಾನೆ, ಸಂಗೀತ ಕೇಳುತ್ತಾನೆ, ಮುನಿಗಳಿಗೆ ಆಹಾರದಾನ ಮಾಡಿ ತಾನು ಸುಖವಾಗಿ ಊಟಮಾಡುತ್ತಾನೆ. ಹಾಗಿದ್ದೂ ಕಣ್ಣು ಮುಚ್ಚಿದರೆ ಆತ್ಮಧ್ಯಾನದಲ್ಲಿ ಮುಳುಗುತ್ತಾನೆ. ಭೋಗ ಯೋಗಗಳೆರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಂಡು ಬಾಳಿದ ಗೃಹಸ್ಥನ ಚಿತ್ರ ಅದು. ಕಾಡಿಗೆ ಹೋಗಲಾರದ ಸಂಸಾರಿಗಳಿಗೆ, ಅಂದರೆ ನಮ್ಮಂಥವರಿಗೆ, ಇಷ್ಟು ಹತ್ತಿರವಾದ ಚಕ್ರವರ್ತಿ ಕನ್ನಡದಲ್ಲಿ ಇನ್ನೊಬ್ಬನಿಲ್ಲ.

ಇಂಥ ಭರತನು ತಮ್ಮನ ಎದುರು ನಿಂತಾಗ ರತ್ನಾಕರನು ಪರಂಪರೆಯ ಕಥೆಯನ್ನೇ ತಿರುಗಿಸಿಬಿಟ್ಟನು. ಮೂರು ಯುದ್ಧಗಳೂ ನಡೆಯುವುದಿಲ್ಲ. ಹೋರಾಟಕ್ಕೆ ಮೊದಲೇ ಭರತನು ಮಾತನಾಡುತ್ತಾನೆ. ಗೆಲುವು ನಿನ್ನದೇ ಎಂದು ತಾನಾಗಿ ಒಪ್ಪಿಕೊಂಡು, ಅಕ್ಕರೆಯ ಮಾತುಗಳಿಂದ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ಬಾಹುಬಲಿ ತನ್ನ ಹಟಕ್ಕೆ ತಾನೇ ನಾಚಿ ತಪಸ್ಸಿಗೆ ಹೋಗುತ್ತಾನೆ. ಪುರಾಣದ ಕಥೆಯನ್ನು ಹೀಗೆ ಬದಲಿಸುವುದು ಆ ಕಾಲದಲ್ಲಿ ಸಣ್ಣ ಧೈರ್ಯವಲ್ಲ. ಪಂಪನಲ್ಲಿ ಶಾಂತಿ ಯುದ್ಧದ ಬಳಿಕ ಗೆದ್ದವನಿಗೆ ಬಂದರೆ, ರತ್ನಾಕರನಲ್ಲಿ ಯುದ್ಧಕ್ಕೆ ಮೊದಲೇ ಆಳುವವನಲ್ಲಿ ಇದೆ. ಗೆದ್ದವನ ಶಾಂತಿ ಗೆದ್ದವನನ್ನು ಉದ್ಧರಿಸಿತು. ಆಳುವವನ ಶಾಂತಿ ಯುದ್ಧವನ್ನೇ ತಪ್ಪಿಸಿತು. ಲೋಕದ ದೃಷ್ಟಿಯಿಂದ ನೋಡಿದರೆ ಎರಡನೆಯದು ಹೆಚ್ಚಿನದು. ಚಕ್ರ ಕೈಬಿಟ್ಟ ಮೇಲೆ ಬರುವ ವೈರಾಗ್ಯಕ್ಕಿಂತ, ಚಕ್ರ ಕೈಯಲ್ಲಿರುವಾಗಲೇ 'ನೀನು ಗೆದ್ದೆ' ಎಂದು ಹೇಳಬಲ್ಲ ಮನಸ್ಸು ಜನರಿಗೆ ಹೆಚ್ಚು ಉಪಕಾರಿ.

ಹಾಗೆಂದು ರತ್ನಾಕರನ ಕಾವ್ಯವೇ ಮೇಲೆಂದು ತೀರ್ಪು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವನ ಭರತನಿಗೆ ಶಾಂತಿ ಬಹಳ ಸುಲಭವಾಗಿ ಒದಗಿದೆ. ಅವನೊಳಗೆ ಹೊಯ್ದಾಟವಿಲ್ಲ, ಅವಮಾನದ ಕುದಿತವಿಲ್ಲ. ನಾಯಕನನ್ನು ಎತ್ತಿಹಿಡಿಯುವ ಭರದಲ್ಲಿ ಕವಿ ಬಾಹುಬಲಿಯ ನ್ಯಾಯವಾದ ಸ್ವಾಭಿಮಾನವನ್ನು ಬರಿಯ ಹಟವನ್ನಾಗಿ ಇಳಿಸಿದ್ದಾನೆ. ಬಲಶಾಲಿಯ ಸವಿಮಾತಿಗೆ ಬಲಹೀನನು ಕರಗಿದ್ದನ್ನೆಲ್ಲ ಶಾಂತಿಯೆಂದು ಕರೆಯುವುದರಲ್ಲಿ ಒಂದು ಅಪಾಯವೂ ಇದೆ. ಷಟ್ಖಂಡವೂ ಭರತನಲ್ಲಿಯೇ ಉಳಿಯಿತಲ್ಲ ಎಂದು ಕೇಳುವ ಓದುಗನಿಗೆ ರತ್ನಾಕರನು ತೃಪ್ತಿಯಾಗುವ ಉತ್ತರ ಕೊಡುವುದಿಲ್ಲ. ಪಂಪನ ಭರತನೊ, ಬೆಟ್ಟದ ಮೇಲೆ ಹೆಸರನ್ನು ಅಳಿಸಿದವನು, ಮಾತು ತಪ್ಪಿದವನು, ಸಿಟ್ಟಿಗೆ ಸಿಕ್ಕಿದವನು, ಕೊನೆಗೆ ನಡೆದು ಬಂದವನು. ನಾವು ಯಾರೂ ರತ್ನಾಕರನ ಭರತರಲ್ಲ. ಹೆಚ್ಚಿನವರು ಪಂಪನ ಭರತರು. ಆದ್ದರಿಂದ ರತ್ನಾಕರನನ್ನು ಗುರಿಯನ್ನು ತೋರಿಸುವ ಕವಿಯೆಂದೂ ಪಂಪನನ್ನು ದಾರಿಯನ್ನು ತೋರಿಸುವ ಕವಿಯೆಂದೂ ಓದಿಕೊಳ್ಳುವುದು ಲೇಸು. ಗುರಿ ತಪ್ಪಿಹೋದಮೇಲೆಯೂ ಒಂದು ದಾರಿ ಉಳಿದಿರುತ್ತದೆಂಬುದೇ ಪಂಪನು ಕೊಡುವ ಸಮಾಧಾನ.

ಪಂಪನ ಬಾಳಿನ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹೊರನಾಡಿನಲ್ಲಿರುವ ನಮಗೆ ಅದು ವಿಶೇಷವಾಗಿ ಸಲ್ಲುತ್ತದೆ. ಪಂಪನು ಬಾಳಿದ ಅರಿಕೇಸರಿಯ ರಾಜಧಾನಿ ವೇಮುಲವಾಡ ಇಂದಿನ ಕರ್ನಾಟಕದಲ್ಲಿಲ್ಲ, ತೆಲಂಗಾಣದಲ್ಲಿದೆ. ಅದೇ ಸೀಮೆಯಲ್ಲಿ, ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ ಬೊಮ್ಮಲಗುಟ್ಟವೆಂಬ ಗುಡ್ಡವಿದೆ. ಅದರ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭನು ಜಿನಬಿಂಬಗಳ ಜೊತೆಗೆ ಒಂದು ಶಾಸನವನ್ನು ಕೆತ್ತಿಸಿದ್ದಾನೆ. ಕನ್ನಡ, ಸಂಸ್ಕೃತ, ತೆಲುಗು ಮೂರು ಭಾಷೆಗಳ ಆ ಶಾಸನದಲ್ಲಿ ಅಣ್ಣನ ಕೀರ್ತಿಯಿದೆ. ಅರಿಕೇಸರಿ ಅವನಿಗೆ ಧರ್ಮಪುರವನ್ನು ಕೊಟ್ಟ ವಿಷಯವಿದೆ. ತಂದೆ ಭೀಮಪಯ್ಯನ, ತಾಯಿ ಅಬ್ಬಣಬ್ಬೆಯ ಹೆಸರಿದೆ. ಇಂದು ಪಂಪನ ವಂಶದ ಬಗೆಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಈ ತಮ್ಮನ ಉಪಕಾರ.

ಎರಡು ಬೆಟ್ಟಗಳನ್ನು ಒಟ್ಟಿಗೆ ನೆನೆಯೋಣ. ಕಾವ್ಯದ ವೃಷಭಾಚಲದಲ್ಲಿ ಅಣ್ಣನೊಬ್ಬನು ಇನ್ನೊಬ್ಬರ ಹೆಸರನ್ನು ಅಳಿಸಿ ತನ್ನದನ್ನು ಬರೆಸಿದನು. ಆ ಹೆಸರಿಗೆ ಮುಂದಿನ ಚಕ್ರವರ್ತಿಯ ಭಯ ತಪ್ಪದು. ಕುರಿಕ್ಯಾಲದ ಗುಡ್ಡದಲ್ಲಿ ತಮ್ಮನೊಬ್ಬನು ಅಣ್ಣನ ಹೆಸರನ್ನು ಬರೆಸಿದನು. ಅದು ಸಾವಿರ ವರ್ಷ ಕಳೆದರೂ ಉಳಿದಿದೆ. ಅಣ್ಣತಮ್ಮಂದಿರ ಕಲಹವನ್ನು ಕನ್ನಡದಲ್ಲಿ ಎರಡು ಸಲ, ಒಮ್ಮೆ ಆದಿಪುರಾಣದಲ್ಲಿ, ಒಮ್ಮೆ ತನ್ನ ಭಾರತದಲ್ಲಿ, ಹಾಡಿದ ಕವಿಗೆ ತನ್ನ ಮನೆಯಲ್ಲಿ ಇಂಥ ತಮ್ಮನಿದ್ದನೆಂಬುದು ನಮ್ಮ ಸಾಹಿತ್ಯಚರಿತ್ರೆಯ ಸಂತೋಷದ ಸಂಗತಿಗಳಲ್ಲಿ ಒಂದು.

ಊರು ಬಿಟ್ಟು ಬಂದ ನಮ್ಮ ಕುಟುಂಬಗಳಿಗೆ ಈ ಕಥೆ ಪುರಾಣವೇನೂ ಅಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಊರಲ್ಲಿ ಒಂದು ಹಳೆಯ ಮನೆ, ನಾಲ್ಕು ಎಕರೆ ಹೊಲ, ಒಂದಿಷ್ಟು ತೋಟ ಇದ್ದೇ ಇದೆ. ಅಪ್ಪ ಇರುವವರೆಗೆ ಎಲ್ಲ ಸರಿ. ಅವರು ಹೋದ ಮೇಲೆ ಪಾಲುಪಟ್ಟಿಯ ಮಾತು ಬರುತ್ತದೆ. ಊರಲ್ಲಿದ್ದು ಉತ್ತವನಿಗೆ, ನಗರಕ್ಕೆ ಹೋದವನು ಸುಖವಾಗಿದ್ದಾನೆ, ಅವನಿಗೇಕೆ ಹಿಸ್ಸೆ ಎಂದು ಅನ್ನಿಸುತ್ತದೆ. ತಿಂಗಳು ತಿಂಗಳು ಮನಿಯಾರ್ಡರ್ ಕಳಿಸಿ ತಂಗಿಯ ಮದುವೆ ಮಾಡಿದವನಿಗೆ, ತನ್ನ ಹೆಸರು ಪಹಣಿಯಲ್ಲಿ ಏಕಿಲ್ಲ ಎಂದು ಅನ್ನಿಸುತ್ತದೆ. ಬಾಹುಬಲಿಯ ವಾದದಂತೆಯೇ ಇಬ್ಬರ ವಾದದಲ್ಲಿಯೂ ನ್ಯಾಯವಿದೆ. ಕಡೆಗೆ ತಕರಾರು ಅರ್ಜಿ, ವಕೀಲರ ನೋಟೀಸು, ತಾಲೂಕು ಕಚೇರಿ. ಯಾರೋ ಒಬ್ಬರು ಬೇಸತ್ತು 'ನನಗೆ ಏನೂ ಬೇಡ, ಎಲ್ಲ ನೀನೇ ಇಟ್ಟುಕೊ' ಎಂದು ಬಿಟ್ಟುಕೊಟ್ಟು ರೈಲು ಹತ್ತುತ್ತಾರೆ. ಬಂಧುಗಳು ಅದನ್ನು ತ್ಯಾಗವೆಂದು ಹೊಗಳುತ್ತಾರೆ.

ಅದು ತ್ಯಾಗವೇ. ಆದರೆ ಅನಂತರ ಹತ್ತು ವರ್ಷ ಊರಿನ ಜಾತ್ರೆಗೆ ಹೋಗದವರು, ಅಣ್ಣನ ಮಗಳ ಮದುವೆಯ ಕರೆಯೋಲೆ ಬಂದರೂ ಉತ್ತರ ಬರೆಯದವರು, 'ಆ ನೆಲದಲ್ಲಿ ಕಾಲಿಡೆನು' ಎಂದವರು ನಮ್ಮ ನಡುವೆ ಎಷ್ಟು ಮಂದಿ! ಬೆಳಗಿನ ಪ್ರಾಣಾಯಾಮ ತಪ್ಪುವುದಿಲ್ಲ, ಗುರುವಾರದ ಭಜನೆ ತಪ್ಪುವುದಿಲ್ಲ, ಮುಖದಲ್ಲಿ ಶಾಂತಿಯೂ ಉಂಟು. ಮುಳ್ಳು ಮಾತ್ರ ಇದ್ದಲ್ಲಿಯೇ ಇದೆ. ವರ್ಷಗಟ್ಟಲೆ ನಿಂತ ಬಾಹುಬಲಿಗೇ ಒಬ್ಬನೇ ತೆಗೆದುಕೊಳ್ಳಲಾಗದ ಮುಳ್ಳನ್ನು ನಾವು ನಗರದ ಎರಡು ಕೋಣೆಯ ಮನೆಯಲ್ಲಿ ಕಣ್ಣು ಮುಚ್ಚಿ ಕುಳಿತು ತೆಗೆದೇವೆಂದು ನಂಬುವುದು ಅತಿಯಾಯಿತು. ಆ ಕಡೆ ಊರಲ್ಲಿರುವವನ ಮನಸ್ಸಿನಲ್ಲಿಯೂ, ಸಿಕ್ಕಿದ ಹೊಲವನ್ನು ಉಳುವಾಗಲೆಲ್ಲ, ಭರತನ ಪಶ್ಚಾತ್ತಾಪದಂಥದು ಏನೋ ಒಂದು ಕೊರೆಯುತ್ತಿರಬಾರದೇಕೆ?

ವಿಶ್ವಶಾಂತಿಯ ವಿಚಾರದಿಂದ ಊರ ಹೊಲಕ್ಕೆ ಇಳಿದದ್ದನ್ನು ಓದುಗರು ಅಲ್ಪವೆಂದು ತಿಳಿಯಬಾರದು. ರಾಷ್ಟ್ರಗಳ ಗಡಿಗೂ ಅಣ್ಣತಮ್ಮಂದಿರ ಬದುವಿಗೂ ಅಳತೆಯಲ್ಲಿ ಭೇದವುಂಟು, ಜಾತಿಯಲ್ಲ. ಎರಡು ಕಡೆಯೂ ತಂದೆ-ತಾತಂದಿರು ಎಳೆದ ಗೆರೆ ಇದೆ, ಎರಡು ಕಡೆಯೂ ಸ್ವಾಭಿಮಾನವಿದೆ, ಯಾರು ಮೊದಲು ಹೋಗಬೇಕೆಂಬ ಪ್ರಶ್ನೆಯಿದೆ. ರಾಷ್ಟ್ರನಾಯಕರ ಮನಸ್ಸನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಅಲ್ಲಿ ನಮ್ಮ ಪಾಲಿಗೆ ಬರುವುದು ಹೆಚ್ಚೆಂದರೆ ಆ ಹೆಸರಿಲ್ಲದ ಮಂತ್ರಿಗಳ ಕೆಲಸ: ಸಾಯುವವರು ಯಾರು ಎಂದು ಬಿಡದೆ ಕೇಳುತ್ತಿರುವುದು. ಆದರೆ ನಮ್ಮ ಮನೆತನದಲ್ಲಿ ಭರತರೂ ಬಾಹುಬಲಿಯರೂ ನಾವೇ.

ಆದಿಪುರಾಣ ಹಳಗನ್ನಡವೆಂದು ಹೆದರುವವರು ಎಲ್. ಗುಂಡಪ್ಪನವರ 'ಆದಿಪುರಾಣ ಸಂಗ್ರಹ'ದಿಂದ ಆರಂಭಿಸಬಹುದು. ರತ್ನಾಕರನ ಸಾಂಗತ್ಯವಂತೂ ಹಾಡಿಕೊಂಡು ಓದುವ ಕಾವ್ಯ. ನಾಲ್ಕು ದಿನ ಕಿವಿಗೆ ಬಿದ್ದರೆ ತಾನೇ ತಿಳಿಯತೊಡಗುತ್ತದೆ. ಸಂಘದ ವಾಚನಾಲಯಗಳಲ್ಲಿ ಈ ಪುಸ್ತಕಗಳು ಬೀರುವಿನಲ್ಲಿ ಧೂಳು ತಿನ್ನುತ್ತಿರುವ ಬದಲು ತಿಂಗಳಿಗೊಂದು ಸಂಜೆಯ ಗಮಕ ವಾಚನಕ್ಕೆ ಬಂದರೆ, ಶಾಂತಿಯನ್ನು ಕುರಿತ ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸವಾದೀತು. ವಾಚನ ಮುಗಿದ ರಾತ್ರಿ ಕೇಳುಗರಲ್ಲಿ ಒಬ್ಬರಾದರೂ ಎಷ್ಟೋ ವರ್ಷದಿಂದ ಬರೆಯದೆ ಬಿಟ್ಟಿದ್ದ ಕಾಗದವೊಂದನ್ನು ಊರಿಗೆ ಬರೆದರೆ, ಪಂಪನು ಪಟ್ಟ ಶ್ರಮ ಸಾರ್ಥಕ.